ಎಪ್ಪತ್ತು ಚಿಲ್ಲರೆ ದಿನ

ಬೇಕರಿಯಲ್ಲಿ ಅವನನ್ನು ಎಲ್ಲರೂ ಕೆಂಡಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹದಿನಾರು ವರ್ಷದಿಂದ ಅವನ ಜಾಗ ಒಂದೇ, ಇಟ್ಟಿಗೆಯ ಭಟ್ಟಿಯ ಎದುರು. ಉದ್ದ ಹಿಡಿಯ ಹಲಗೆಯಲ್ಲಿ ಬ್ರೆಡ್ಡಿನ ಅಚ್ಚುಗಳನ್ನು ಒಳಗೆ ತಳ್ಳುವುದು, ಬಣ್ಣ ನೋಡಿ ಹೊರಗೆಳೆಯುವುದು, ಮತ್ತೆ ತಳ್ಳುವುದು. ಬೇರೆಯವರು ಐದು ನಿಮಿಷ ನಿಂತರೆ ಮುಖ ತಿರುಗಿಸಿಕೊಂಡು ಓಡುತ್ತಿದ್ದರು. ಇವನು ಎಂಟು ಗಂಟೆ ಹೊತ್ತು ಅಲ್ಲಾಡದೆ ನಿಲ್ಲುತ್ತಿದ್ದ. ಆ ಹೆಮ್ಮೆ ಅವನಿಗೆ ಬೇಕಾದಷ್ಟಿತ್ತು. ಭಟ್ಟಿಯ ಬಾಯಿ ಸರಿಯಾಗಿ ಅವನ ಸೊಂಟದ ಮಟ್ಟಕ್ಕಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ, ಅವನೂ ಗಮನಿಸಿರಲಿಲ್ಲ.

ಮನೆಯಲ್ಲಿ ಮೂರೇ ಜನ. ಅವನು, ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಹೆಂಡತಿ, ಮತ್ತು ಅವನ ಅಮ್ಮ. ಮದುವೆಯಾಗಿ ಏಳು ವರ್ಷವಾಗಿತ್ತು. ಮೊದಲೆರಡು ವರ್ಷ ಯಾರೂ ಏನೂ ಕೇಳಲಿಲ್ಲ. ಮೂರನೇ ವರ್ಷ ನೆಂಟರು ಕೇಳಲು ಶುರುಮಾಡಿದರು. ನಾಲ್ಕನೇ ವರ್ಷದಿಂದ ಅವರು ಕೇಳುವುದನ್ನೂ ಬಿಟ್ಟರು. ಕೇಳಿದ್ದಕ್ಕಿಂತ ಬಿಟ್ಟದ್ದೇ ಹೆಚ್ಚು ಚುಚ್ಚುತ್ತಿತ್ತು.

ಅಮ್ಮ ಬಾಯಿಬಿಟ್ಟು ಬೈಯುವವಳಲ್ಲ. ಅವಳದೇನಿದ್ದರೂ ಗಾಳಿಗೆ ಹೇಳುವ ಮಾತು. ದಿನವೆಲ್ಲ ಬಸ್ಸಿನಲ್ಲಿ ಕುಲುಕಿದರೆ ಮೈಯೊಳಗೆ ಏನು ತಾನೆ ನಿಂತೀತು ಎಂದು ಪಾತ್ರೆ ಒರೆಸುತ್ತ ಪಾತ್ರೆಗೆ ಹೇಳುವಳು. ಪಕ್ಕದ ಮನೆಯ ಮಗು ಅತ್ತರೆ, ಕೆಲವು ಮನೆಗಳಲ್ಲಿ ಈ ಸದ್ದೂ ಇಲ್ಲ ಎಂದು ಕಿಟಕಿಗೆ ಹೇಳುವಳು. ಸೊಸೆ ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಟಿಕೆಟಿನ ಚೀಲ ಹೆಗಲಿಗೇರಿಸಿ ಹೊರಡುವಳು. ಕೆಂಡಣ್ಣ ಪೇಪರಿನ ಹಿಂದೆ ಮುಖ ಅಡಗಿಸುವನು. ಓದಿದ ಸಾಲನ್ನೇ ನಾಲ್ಕು ಸಲ ಓದುವನು.

ಹೆಂಡತಿ ಸುಮ್ಮನೆ ಕೂತಿರಲಿಲ್ಲ. ಊರಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟಳು, ಸ್ಕ್ಯಾನ್ ಮಾಡಿಸಿದಳು, ಸೂಜಿ ಚುಚ್ಚಿಸಿಕೊಂಡಳು. ಗರ್ಭನಾಳ ತೆರೆದಿದೆಯೇ ಎಂದು ನೋಡಲು ಬಣ್ಣ ಹಾಯಿಸುವ ಒಂದು ಪರೀಕ್ಷೆ ಆದಾಗ ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಮೂರನೇ ದಿನ ಸಂಜೆ, ಅಮ್ಮ ಅಂಗಡಿಗೆ ಹೋಗಿದ್ದಾಗ, ಅವಳು ಅವನ ಕೈಯಿಂದ ಪೇಪರು ಕಿತ್ತು ಮಡಚಿ ಪಕ್ಕಕ್ಕಿಟ್ಟಳು.

“ರೀ, ನನ್ನದೆಲ್ಲ ಸರಿ ಇದೆಯಂತೆ. ಇದು ನಾಲ್ಕನೇ ಸಲ ಹೇಳ್ತಾ ಇರೋದು. ನನ್ನ ಮೈ ಒಳಗೆ ಹಾಕದೇ ಇರೋ ಕೊಳವೆ ಇಲ್ಲ. ನೀವು ಒಂದು ಡಬ್ಬಿ ಕೊಟ್ಟು ಬರಬೇಕು ಅಷ್ಟೆ.”

ಕೆಂಡಣ್ಣ ಮಡಚಿಟ್ಟ ಪೇಪರಿನ ಅಂಚನ್ನು ಬೆರಳಿನಿಂದ ತೀಡಿದ. ಅವಳು ಅಳಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಪೇಪರು ಮತ್ತೆ ಅವನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಮೂರು ದಿನ ಅವಳು ತೀರಾ ಅಗತ್ಯವಿದ್ದಷ್ಟೇ ಮಾತಾಡಿದಳು. ನಾಲ್ಕನೇ ದಿನ ಅವನು ಬೇಕರಿಗೆ ಅರ್ಧ ದಿನ ರಜೆ ಹೇಳಿ ಆಸ್ಪತ್ರೆಗೆ ಹೋದ.

ಪರೀಕ್ಷೆಗೆ ವೀರ್ಯದ ಡಬ್ಬಿ ತುಂಬಿಸಲು ಕೊಟ್ಟ ಕೋಣೆಯ ಚಿಲಕ ಅರ್ಧಕ್ಕೇ ನಿಲ್ಲುತ್ತಿತ್ತು. ಗೋಡೆಯ ಮೇಲೆ ಜಲಪಾತದ ಚಿತ್ರವಿದ್ದ ಹಳೇ ಕ್ಯಾಲೆಂಡರು, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ. ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದಾಗಲೆಲ್ಲ ಅವನು ಚಿಲಕವನ್ನು ಒತ್ತಿ ಹಿಡಿಯುತ್ತಿದ್ದ. ಹೇಗೋ ಮುಗಿಸಿ, ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿ, ಕದ್ದ ಮಾಲು ಸಾಗಿಸುವವನ ಹಾಗೆ ತಲೆ ತಗ್ಗಿಸಿಕೊಂಡು ಲ್ಯಾಬಿನ ಕಿಟಕಿಯಲ್ಲಿ ಕೊಟ್ಟು ಬಂದು ಬೆಂಚಿನ ತುದಿಯಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಒಬ್ಬಾಕೆ ಇಣುಕಿದಳು. ನಿವೃತ್ತಿಯ ಅಂಚಿನಲ್ಲಿದ್ದ ಲ್ಯಾಬ್ ಮೇಡಂ. ದಪ್ಪ ಕನ್ನಡಕ, ಬಿಳಿ ಕೋಟಿನ ಜೇಬಿನಲ್ಲಿ ಮೂರು ಪೆನ್ನು. ಎಷ್ಟು ದಿನ ಸಂಯಮದಲ್ಲಿದ್ದು ಕೊಟ್ಟಿದ್ದೀರಿ ಎಂದು ಚೀಟಿಯಲ್ಲಿ ಬರೆದಿಲ್ಲವಲ್ಲ ಎಂದಳು. ಅವನು ಮೂರು ಎಂದು ಪಿಸುಗುಟ್ಟಿದ. ಕೇಳಿಸಲಿಲ್ಲ ಎಂದಳು. ಮೂರು ದಿನ ಎಂದು ಹೇಳಿದ. ಅದು ಅವಳಿಗೂ ಕೇಳಿಸಿತು, ಬೆಂಚಿನ ಮೇಲಿದ್ದ ಆರು ಜನಕ್ಕೂ ಕೇಳಿಸಿತು. ಬೆಂಕಿಯ ಮುಂದೆ ಕೆಂಪಾಗದ ಮುಖ ಅಲ್ಲಿ ಕಿವಿಯವರೆಗೂ ಕೆಂಪಾಯಿತು.

ಆದರೆ ಅವನು ಕಿಟಕಿ ಬಿಟ್ಟು ಕದಲಲಿಲ್ಲ. ಮಾನ ಹೇಗೂ ಹೋಗಿತ್ತು, ಇನ್ನು ಕೇಳಿಬಿಡುವುದೇ ಸರಿ ಎನಿಸಿರಬೇಕು.

“ಮೇಡಂ, ರಿಪೋರ್ಟು ನಾಳೆ ಅಂತ ಗೊತ್ತು. ಒಂದೇ ಒಂದು ಹೇಳಿ. ಅದರಲ್ಲಿ ಏನಾದ್ರೂ ಜೀವ ಇದೆಯಾ?”

ಮೇಡಂ ಅವನನ್ನು ಕನ್ನಡಕದ ಮೇಲಿನಿಂದ ನೋಡಿದಳು. ಮೂವತ್ತೊಂದು ವರ್ಷದಲ್ಲಿ ಎಷ್ಟು, ಯಾವಾಗ, ಯಾಕೆ ಎಂದು ಕೇಳಿದವರು ಬಹಳ. ಜೀವ ಇದೆಯಾ ಎಂದು ಕೇಳಿದವರು ಇರಲಿಲ್ಲವೋ ಏನೋ. ಪಕ್ಕದ ಬಾಗಿಲು ತೆರೆದು, ಕೈ ಎಲ್ಲೂ ಇಡಬೇಡಿ ಎಂದು ಮಾತ್ರ ಹೇಳಿ ಒಳಗೆ ಕರೆದಳು.

ಸಣ್ಣ ಕೋಣೆ. ಗುಂಯ್‌ಗುಡುವ ಫ್ರಿಜ್ಜು, ಸಾಲಾಗಿ ನಿಂತ ಗಾಜಿನ ನಳಿಕೆಗಳು, ಕಿಟಕಿಯ ಪಕ್ಕ ಒಂದು ಸೂಕ್ಷ್ಮದರ್ಶಕ. ಆಕೆ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ತಿರುಗಣೆ ತಿರುಗಿಸಿ, ಹೂಂ ನೋಡಿ ಎಂದು ಸರಿದು ನಿಂತಳು. ಕೆಂಡಣ್ಣ ಬಗ್ಗಿದ. ಮೊದಲು ಕಂಡದ್ದು ತನ್ನದೇ ರೆಪ್ಪೆಯ ಕೂದಲು. ಏನೂ ಕಾಣುತ್ತಿಲ್ಲ ಎಂದ. ಕಣ್ಣು ಅಷ್ಟು ಒತ್ತಬೇಡಿ, ತುಸು ಹಿಂದೆ ಬನ್ನಿ ಎಂದಳು. ಹಿಂದೆ ಬಂದ. ಬೂದು ಬಣ್ಣದ ಒಂದು ದುಂಡನೆಯ ಬೆಳಕು ಅಲ್ಲಾಡಿ ನಿಂತಿತು.

ಆಮೇಲೆ ಅವು ಕಂಡವು.

ಬಹಳಷ್ಟು ಸುಮ್ಮನೆ ಬಿದ್ದಿದ್ದವು, ಚೆಲ್ಲಿದ ಎಳ್ಳಿನ ಹಾಗೆ. ಕೆಲವು ಇದ್ದಲ್ಲೇ ತಲೆ ಅಲ್ಲಾಡಿಸುತ್ತಿದ್ದವು. ಒಂದು ಸುತ್ತಿ ಸುತ್ತಿ ಅದೇ ವೃತ್ತದಲ್ಲಿ ಸಿಕ್ಕಿಕೊಂಡಿತ್ತು. ಹೀಗೆ ನೋಡುತ್ತಿರುವಾಗ ಎಡಗಡೆಯ ಅಂಚಿನಿಂದ ಒಂದು ಬಂತು. ಬಾಲವನ್ನು ಬಡಿಯುತ್ತ, ಬಿದ್ದವುಗಳ ನಡುವೆ ದಾರಿ ಮಾಡಿಕೊಂಡು, ಯಾರೋ ಕರೆದಂತೆ ನೆಟ್ಟಗೆ ಬೆಳಕನ್ನು ದಾಟಿ ಬಲಗಡೆಯ ಅಂಚಿನಲ್ಲಿ ಮಾಯವಾಯಿತು. ಅದು ಎಲ್ಲಿಗೆ ಹೊರಟಿತ್ತು? ಗಾಜಿನ ಪಟ್ಟಿಯ ಮೇಲೆ ಹೋಗಲು ಯಾವ ಊರೂ ಇರಲಿಲ್ಲ. ಆದರೂ ಹೊರಟಿತ್ತು.

“ಇವೆಲ್ಲ ನನ್ನವಾ?”

“ಇನ್ಯಾರವು? ಡಬ್ಬಿ ಮೇಲೆ ನಿಮ್ಮ ಹೆಸರೇ ಇದೆ.”

ಮೇಡಂ ಅವಸರ ಮಾಡಲಿಲ್ಲ. ಅವನು ನೋಡುತ್ತಿದ್ದಂತೆಯೇ ಪಕ್ಕದಲ್ಲಿ ನಿಂತು, ದಿನವೂ ಮಾಡುವ ಕೆಲಸದ ಬಗ್ಗೆ ಮಾತಾಡುವವರ ತಣ್ಣಗಿನ ದನಿಯಲ್ಲಿ ಹೇಳುತ್ತ ಹೋದಳು. ಬಾಲ ಸೇರಿಸಿದರೂ ಒಂದೊಂದು ಮೈದಾ ಹಿಟ್ಟಿನ ಒಂದು ಕಣದಷ್ಟು ಉದ್ದ. ತಲೆಯಂತೂ ಅದರಲ್ಲಿ ಹತ್ತನೇ ಒಂದು ಪಾಲು. ಆ ತಲೆಯೊಳಗೆ ಒಂದು ಮಗುವಿನ ಅರ್ಧ ಲೆಕ್ಕ ಮಡಚಿಟ್ಟಿರುತ್ತದೆ, ಅಪ್ಪನ ಮೂಗು, ಅಜ್ಜನ ದನಿ, ಕಾಲಿನ ಬೆರಳಿನ ಆಕಾರ, ಎಲ್ಲ. ಒಂದು ತಯಾರಾಗಿ ನಿಲ್ಲಲು ಎಪ್ಪತ್ತು ಚಿಲ್ಲರೆ ದಿನ ಬೇಕು. ಮನುಷ್ಯ ಉಣ್ಣುತ್ತಿರಲಿ, ಜಗಳವಾಡುತ್ತಿರಲಿ, ಗೊರಕೆ ಹೊಡೆಯುತ್ತಿರಲಿ, ಆ ಕೆಲಸ ನಿಲ್ಲುವುದಿಲ್ಲ. ಆರೋಗ್ಯವಂತನಲ್ಲಿ ಎದೆ ಒಂದು ಸಲ ಬಡಿಯುವಷ್ಟರಲ್ಲಿ ಸಾವಿರ ತಯಾರಾಗುತ್ತವಂತೆ.

ಕೆಂಡಣ್ಣ ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. ಬೆಳಕು ಜಾಸ್ತಿ ಎಂದು ಸುಳ್ಳು ಹೇಳಿದ. ಬೇಕರಿಯಲ್ಲಿ ಅತಿ ದೊಡ್ಡ ದಿನ ಎರಡು ಸಾವಿರ ಬನ್ನು ಇಳಿಸಿದ್ದಕ್ಕೆ ಅವನು ವಾರವೆಲ್ಲ ಬೀಗಿದ್ದ. ಇಲ್ಲಿ ತನ್ನ ಮೈಯೊಳಗೇ ಒಂದು ಕಾರ್ಖಾನೆ ಮೂವತ್ತಾರು ವರ್ಷದಿಂದ ಅವನ ಜೊತೆಗಿತ್ತು. ಅವನು ಒಂದು ದಿನವೂ ಅದರ ಬಾಗಿಲು ತಟ್ಟಿರಲಿಲ್ಲ.

“ಜೀವ ಇದೆ,” ಎಂದಳು ಮೇಡಂ. “ಆದ್ರೆ ಸುಸ್ತಾಗಿವೆ. ಡಾಕ್ಟರ್ ಹತ್ರ ತಪ್ಪದೆ ಹೋಗಿ.”

ಮಾರನೇ ದಿನ ಗಂಡಹೆಂಡತಿ ಹೋದಾಗ ಡಾಕ್ಟರಿಗೆ ನೆಗಡಿಯಾಗಿತ್ತು. ಮಾತಿನ ನಡುವೆ ಮೂಗೊರೆಸಿಕೊಳ್ಳುತ್ತಲೇ ರಿಪೋರ್ಟನ್ನು ಇಬ್ಬರ ಮುಂದೆಯೂ ಹರಡಿದರು. ಎಣಿಕೆ ಕಡಿಮೆ. ನೂರರಲ್ಲಿ ನೆಟ್ಟಗೆ ಓಡುವವು ಹನ್ನೆರಡು. ತಲೆಯೊಳಗಿನ ವಂಶದ ಎಳೆಗಳು ಅಲ್ಲಲ್ಲಿ ತುಂಡಾಗಿರುವುದೂ ಹೆಚ್ಚು. ಹೆಂಡತಿ ರಿಪೋರ್ಟನ್ನೇ ನೋಡುತ್ತಿದ್ದಳು. ಗೆದ್ದೆ ಎನ್ನುವ ಮುಖವಲ್ಲ ಅದು. ಏಳು ವರ್ಷ ಹೊತ್ತ ಮೂಟೆಯನ್ನು ಇಳಿಸಿದವಳ ದಣಿವಿನ ಮುಖ.

ಏನು ಕೆಲಸ ಎಂದು ಡಾಕ್ಟರು ಕೇಳಿದರು. ಭಟ್ಟಿಯ ಕೆಲಸ, ದಿನಕ್ಕೆ ಎಂಟು ಗಂಟೆ, ಬಿಡುವಿನಲ್ಲಿ ಒಂದು ಸಿಗರೇಟು, ದಿನಕ್ಕೆ ಹತ್ತೋ ಹನ್ನೆರಡೋ ಎಂದ. ಡಾಕ್ಟರು ಪೆನ್ನು ಕೆಳಗಿಟ್ಟರು.

“ನೀವು ಬೇಕರಿಯವರು. ಎಣ್ಣೆ ಡಬ್ಬದ ಮುಚ್ಚಳ ತೆಗೆದು ಬಿಸಿ ಹತ್ರ ಇಟ್ರೆ ಏನಾಗುತ್ತೆ?”

“ಕಮಟು ಹಿಡಿಯುತ್ತೆ.”

“ಇಲ್ಲೂ ಅದೇ ಕಥೆ ನೋಡಿ.”

ವೀರ್ಯಾಣುವಿನ ಮೈಯ ಪೊರೆ ಬಲು ನಾಜೂಕಾದ ಕೊಬ್ಬಿನದು ಎಂದು ಅವರು ವಿವರಿಸಿದರು. ಬಾಗಲಿ, ಬಳುಕಲಿ, ಬಾಲ ಬಡಿಯಲಿ ಎಂದೇ ಹಾಗಿದೆ. ಆದರೆ ನಾಜೂಕಾದ ಕೊಬ್ಬು ಬೇಗ ಕಮಟು ಹಿಡಿಯುತ್ತದೆ. ಉಸಿರಾಡುವ ಪ್ರತಿ ಜೀವಿಯ ಮೈಯಲ್ಲೂ ಆಮ್ಲಜನಕದ ಕಿಡಿಗಳು ಹಾರುತ್ತಲೇ ಇರುತ್ತವೆ. ಬಿಸಿ, ಹೊಗೆ, ನಿದ್ದೆಗೇಡು ಸೇರಿದರೆ ಕಿಡಿ ಹೆಚ್ಚುತ್ತದೆ. ಬೇರೆ ಜೀವಕೋಶಗಳಿಗೆ ತಮ್ಮ ಗಾಯ ತಾವೇ ಹೊಲಿದುಕೊಳ್ಳುವ ಸಾಮಾನು ಜೊತೆಗಿರುತ್ತದೆ. ಇದಕ್ಕೆ ಇಲ್ಲ. ಹಗುರಾಗಿ ಓಡಬೇಕೆಂದು ಇದು ಎಲ್ಲ ಸಾಮಾನನ್ನೂ ಬಿಸಾಕಿ ಹೊರಡುತ್ತದೆ, ರಿಪೇರಿಯ ಪೆಟ್ಟಿಗೆಯನ್ನೂ. ಅದನ್ನು ಕಾಯುವುದು ಸುತ್ತಲಿನ ದ್ರವ. ಅದರಲ್ಲಿ ಕಿಡಿ ನುಂಗುವ ವಸ್ತುಗಳಿರುತ್ತವೆ. ಆಂಟಿ ಆಕ್ಸಿಡೆಂಟ್ ಎಂದರೆ ಅವೇ. ಹಣ್ಣು, ಸೊಪ್ಪು, ಕಾಳು, ಬಾದಾಮಿಯಂಥವುಗಳಿಂದ ಮೈ ಅವನ್ನು ಪಡೆಯುತ್ತದೆ, ಮಾತ್ರೆಯಲ್ಲೂ ಸಿಗುತ್ತವೆ.

ಹಾಗಾದರೆ ಮಾತ್ರೆ ಕೊಟ್ಟರೆ ಸರಿಯಾಗುತ್ತದಾ ಎಂದು ಹೆಂಡತಿ ಕೇಳಿದಳು. ಟಿಕೆಟ್ ಎಲ್ಲಿಗೆ ಎಂದು ಕೇಳುವವಳ ಹಾಗೆ ನೇರ ಪ್ರಶ್ನೆ. ಡಾಕ್ಟರು ಸುತ್ತು ಬಳಸಲಿಲ್ಲ. ಕೆಲವು ಅಧ್ಯಯನಗಳಲ್ಲಿ ಲಾಭ ಕಂಡಿದೆ, ದೊಡ್ಡ ಅಧ್ಯಯನಗಳಲ್ಲಿ ಏನೂ ವ್ಯತ್ಯಾಸ ಕಾಣದ್ದೂ ಇದೆ, ಮಾತು ಕೊಡಲಾರೆ ಎಂದರು. ಸಣ್ಣ ಪ್ರಮಾಣದ ಒಂದು ಮಾತ್ರೆ ಬರೆದರು. ಸಿಗರೇಟು ಪೂರ್ತಿ ಬಿಡಬೇಕು, ಭಟ್ಟಿಯಿಂದ ದೂರವಿರಬೇಕು, ಊಟ ನಿದ್ದೆ ಸರಿಯಾಗಬೇಕು, ಮೂರು ತಿಂಗಳಾದ ಮೇಲೆ ಮತ್ತೆ ನೋಡೋಣ ಎಂದರು. ಇವತ್ತು ಕಂಡದ್ದು ಎರಡೂವರೆ ತಿಂಗಳ ಹಿಂದೆ ಶುರುವಾದದ್ದು, ಅದಕ್ಕೆ ಏನೂ ಮಾಡಲಾಗದು. ಇವತ್ತು ಶುರುವಾಗುವುದಕ್ಕೆ ಮಾಡಬಹುದು.

ಬಸ್ಸಿನಲ್ಲಿ ಮನೆಗೆ ಬರುವಾಗ ಆ ಕೊನೆಯ ಮಾತು ಕೆಂಡಣ್ಣನ ತಲೆಯಲ್ಲಿ ಸುತ್ತುತ್ತಿತ್ತು. ಇವತ್ತು, ಈ ಸೀಟಿನಲ್ಲಿ ಕೂತಿರುವಾಗಲೇ, ಒಂದು ಶುರುವಾಗುತ್ತಿದೆ. ಅವನು ಜೇಬಿನಲ್ಲಿದ್ದ ಸಿಗರೇಟಿನ ಪ್ಯಾಕನ್ನು ತೆಗೆದು ಹೆಂಡತಿಯ ಕೈಗಿಟ್ಟ. ಅವಳು ಏನೂ ಹೇಳದೆ ಅದನ್ನು ಹಿಂಡಿ ಮುದ್ದೆ ಮಾಡಿದಳು.

ಊಟದ ಹೊತ್ತಿಗೆ ಅಮ್ಮ ಎಂದಿನಂತೆ ಕಿಟಕಿಯ ಕಡೆ ತಿರುಗಿದಳು. ಇನ್ನೇನು ಗಾಳಿಗೊಂದು ಮಾತು ಬಿಡಬೇಕು, ಅಷ್ಟರಲ್ಲಿ ಕೆಂಡಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ.

“ಅಮ್ಮ, ಇವಳದು ಏನೂ ತೊಂದರೆ ಇಲ್ಲ. ತೊಂದರೆ ಇರೋದು ನನ್ನಲ್ಲಿ. ರಿಪೋರ್ಟು ನಾನೇ ನೋಡಿದೀನಿ. ಇನ್ಮೇಲೆ ಏನಾದ್ರೂ ಹೇಳೋದಿದ್ರೆ ಕಿಟಕಿಗೆ ಬೇಡ, ನನಗೆ ಹೇಳು.”

ಅಮ್ಮ ತುತ್ತು ಕೈಯಲ್ಲಿ ಹಿಡಿದೇ ಕೂತಳು. ಸೊಸೆ ನೀರಿನ ಲೋಟದ ಮೇಲೆ ಕಣ್ಣಿಟ್ಟಿದ್ದಳು. ಮಾರನೇ ಬೆಳಗ್ಗೆ ಸೊಸೆ ಕೆಲಸಕ್ಕೆ ಹೊರಡಲು ನೋಡುತ್ತಾಳೆ, ವರ್ಷದಿಂದ ಪಿನ್ನು ಚುಚ್ಚಿಕೊಂಡು ಕಾಲ ತಳ್ಳುತ್ತಿದ್ದ ಟಿಕೆಟ್ ಚೀಲದ ಪಟ್ಟಿ ದಪ್ಪ ದಾರದಲ್ಲಿ ಗಟ್ಟಿಯಾಗಿ ಹೊಲಿದಿತ್ತು. ಅಮ್ಮ ಬೆನ್ನು ತಿರುಗಿಸಿ ನಿಂತೇ, ಹೆಗಲಿಗೆ ಒತ್ತುತ್ತಾ ನೋಡಮ್ಮ ಎಂದಳು. ಒತ್ತಲ್ಲ ಅತ್ತೆ ಎಂದಳು ಸೊಸೆ. ಏಳು ವರ್ಷದ ಲೆಕ್ಕ ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಆದರೆ ಆವತ್ತಿನಿಂದ ಗಾಳಿಗೆ ಮಾತು ಬಿಡುವುದು ನಿಂತಿತು.

ಭಟ್ಟಿ ಬಿಡುವುದು ಸಿಗರೇಟು ಬಿಡುವುದಕ್ಕಿಂತ ಕಷ್ಟವಾಯಿತು. ಹಿಟ್ಟು ನಾದುವ ಮೇಜಿಗೆ ಹಾಕಿ ಎಂದು ಕೇಳಿದಾಗ ಬೇಕರಿಯ ಮಾಲೀಕರು, ಕೆಂಡಣ್ಣನಿಗೇ ಬಿಸಿ ತಡೆಯಲಿಲ್ಲವೇನಪ್ಪ ಎಂದು ನಗಾಡಿದರು. ಇವನು ನಗಲಿಲ್ಲ. ಕಾರಣವನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ಮಾಲೀಕರ ನಗು ಅರ್ಧದಲ್ಲೇ ನಿಂತಿತು. ಅವರು ಎದ್ದು ಹೋಗಿ ಭಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತರು, ಕೈಯನ್ನು ತಮ್ಮ ಸೊಂಟದ ಮಟ್ಟಕ್ಕೆ ಹಿಡಿದು ನೋಡಿದರು, ವಾಪಸು ಬಂದರು. ವಾರದೊಳಗೆ ಭಟ್ಟಿಯ ಮುಂದೆ ಎದೆಯೆತ್ತರದ ತಗಡಿನ ಅಡ್ಡಪಟ್ಟಿಯೊಂದು ಬಂತು, ಹಲಗೆ ಆಡುವಷ್ಟು ಮಾತ್ರ ಸಂದಿ ಬಿಟ್ಟು. ಭಟ್ಟಿಯ ಪಾಳಿಯನ್ನು ನಾಲ್ಕು ಜನಕ್ಕೆ ಹಂಚಿದರು. ಕೆಂಡಣ್ಣ ಹಿಟ್ಟಿನ ಮೇಜಿಗೆ ಬಂದ. ಹೆಸರು ಮಾತ್ರ ಹಾಗೇ ಉಳಿಯಿತು.

ಇದರ ನಡುವೆ ಭಾವಮೈದ ಬಂದ. ಹೆಂಡತಿಯ ತಮ್ಮ ಒಳ್ಳೆಯವನೇ, ಆದರೆ ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಬಕೆಟ್ಟಿನಷ್ಟು ದೊಡ್ಡ ಎರಡು ಡಬ್ಬ ತಂದು ಮೇಜಿನ ಮೇಲಿಟ್ಟ. ಡಬ್ಬದ ಮೇಲೆ ಹಾರುವ ಕುದುರೆಯ ಚಿತ್ರ. ಒಳಗೆ ಗೋಲಿಯಷ್ಟು ದಪ್ಪದ ಮಾತ್ರೆಗಳು. ದಿನಕ್ಕೆ ಆರು ನುಂಗಿದರೆ ಸಾಕು ಭಾವ, ಅವಳಿ ಜವಳಿ ಗ್ಯಾರಂಟಿ ಎಂದ. ಕೆಂಡಣ್ಣನಿಗೂ ಆಸೆಯಾಯಿತು. ಒಂದರಿಂದ ಒಳ್ಳೆಯದಾದರೆ ಆರರಿಂದ ಆರು ಪಟ್ಟು ಒಳ್ಳೆಯದಲ್ಲವೇ? ಹೆಂಡತಿ ಡಬ್ಬವನ್ನೂ ಅವನನ್ನೂ ಕರೆದುಕೊಂಡು ನೇರ ಡಾಕ್ಟರ ಮೇಜಿಗೆ ಹೋದಳು.

ಡಾಕ್ಟರು ಕುದುರೆಯನ್ನು ನೋಡಿ ತಲೆಯಾಡಿಸಿದರು. ಕಿಡಿಯನ್ನು ಪೂರ್ತಿ ಆರಿಸಿದರೂ ಕೆಡುತ್ತದೆ ಎಂದರು. ವೀರ್ಯಾಣು ಅಂಡದ ಹತ್ತಿರ ಬಂದಾಗ ಕೊನೆಯ ಓಟಕ್ಕೆ ಎಚ್ಚರಗೊಳ್ಳಬೇಕಾದರೆ ಅದೇ ಕಿಡಿ ಒಂದಿಷ್ಟು ಬೇಕು. ಸುಡುವುದೂ ಅದೇ, ಎಬ್ಬಿಸುವುದೂ ಅದೇ. ಅಳತೆ ಮೈಗೆ ಗೊತ್ತಿದೆ, ಡಬ್ಬಕ್ಕೆ ಗೊತ್ತಿಲ್ಲ. ಹದಿನಾರು ವರ್ಷ ಬೆಂಕಿಯ ಹದ ನೋಡಿದವನಿಗೆ ಅದು ಸುಲಭವಾಗಿ ಅರ್ಥವಾಯಿತು. ಅರ್ಥವಾದಷ್ಟೂ ಬೆರಗಾಯಿತು. ಕೈಯಿಟ್ಟು ನೋಡುವವರಿಲ್ಲದೆ, ಬಣ್ಣ ನೋಡುವವರಿಲ್ಲದೆ, ಅಷ್ಟು ನಾಜೂಕಿನ ಹದವನ್ನು ಒಳಗೆ ಕಾಯುತ್ತಿರುವವರು ಯಾರು?

ಆ ಮೂರು ತಿಂಗಳು ಅವನು ತನ್ನ ಮೈಯನ್ನು ಬೇರೆಯವರ ಮನೆಯ ಮಗುವಿನಂತೆ ನೋಡಿಕೊಂಡ. ಹೊತ್ತಿಗೆ ಸರಿಯಾಗಿ ಉಂಡ, ಹೊತ್ತಿಗೆ ಸರಿಯಾಗಿ ಮಲಗಿದ. ಅಮ್ಮ ಸೊಪ್ಪು ಹೆಚ್ಚುವುದನ್ನೇ ವ್ರತ ಮಾಡಿಕೊಂಡಳು. ಸೊಸೆ ಡಿಪೋದಿಂದ ಬರುವಾಗ ಹಣ್ಣು ತರುವಳು. ಸಿಗರೇಟಿನ ಚಪಲ ಬಂದಾಗ ಅವನು ಹಿಟ್ಟನ್ನು ಎತ್ತಿ ಎತ್ತಿ ಕುಕ್ಕುವನು. ಆ ತಿಂಗಳುಗಳಲ್ಲಿ ಬೇಕರಿಯ ಬ್ರೆಡ್ಡು ಬಲು ಮೃದುವಾಗಿ ಬರುತ್ತಿದೆ ಎಂದು ಗಿರಾಕಿಗಳು ಹೊಗಳಿದರು.

ಎರಡನೇ ಪರೀಕ್ಷೆಯ ದಿನ ಹೆಂಡತಿಯೂ ಜೊತೆಗೆ ಹೋದಳು, ಡ್ಯೂಟಿಯ ಖಾಕಿ ಬಟ್ಟೆಯಲ್ಲೇ. ಮೇಡಂ ಅವನನ್ನು ಗುರುತು ಹಿಡಿದಳು. ಅವನು ಕೇಳುವ ಮೊದಲೇ ಬಾಗಿಲು ತೆರೆದಳು. ಈ ಸಲ ಅವನು ರೆಪ್ಪೆ ನೋಡುತ್ತ ಕೂರಲಿಲ್ಲ. ಬಗ್ಗಿದ ಕೂಡಲೇ ಕಂಡವು. ಬಿದ್ದವು ಇನ್ನೂ ಬಹಳವಿದ್ದವು. ಆದರೆ ಓಡುವವುಗಳಿಗಾಗಿ ಕಾಯಬೇಕಾಗಿರಲಿಲ್ಲ. ಒಂದರ ಹಿಂದೊಂದು, ಒಂದರ ಪಕ್ಕ ಒಂದು, ಬೆಳಕಿನ ಈ ದಡದಿಂದ ಆ ದಡಕ್ಕೆ ಹೊರಟಿದ್ದವು. ಅವನು ಸರಿದು ಹೆಂಡತಿಗೆ ಜಾಗ ಬಿಟ್ಟ.

ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅವಳ ಕೈ ಹಿಂದಕ್ಕೆ ಬಂದು ಅವನ ತೋಳನ್ನು ಹುಡುಕಿ ಹಿಡಿದುಕೊಂಡಿತು.

“ಅಯ್ಯೋ, ನನ್ನ ಬಸ್ಸೇ ವಾಸಿ. ಇಷ್ಟೊಂದು ಜನ, ಒಬ್ಬರ ಹತ್ರನೂ ಟಿಕೆಟ್ ಇಲ್ಲ,” ಎಂದಳು.

ಮೇಡಂ ನಕ್ಕುಬಿಟ್ಟಳು. ಸೀಟು ಇರುವುದು ಒಂದೇ, ಅದಕ್ಕೇ ಈ ನೂಕುನುಗ್ಗಲು ಎಂದಳು. ಆಮೇಲೆ ಹೆಂಡತಿ ತಗ್ಗಿದ ದನಿಯಲ್ಲಿ, ಒಂದೇ ಒಂದು ಸೇರುವುದಕ್ಕೆ ಇಷ್ಟು ಕೋಟಿ ಹೊರಡಬೇಕಾ ಎಂದು ಕೇಳಿದಳು. ಹೊರಡಬೇಕು, ಯಾಕೆ ಅಂತ ಪೂರ್ತಿ ಗೊತ್ತಿರುವವರು ನನಗೆ ಇನ್ನೂ ಸಿಕ್ಕಿಲ್ಲ ಎಂದಳು ಮೇಡಂ. ಮೂವರೂ ಸರದಿಯ ಮೇಲೆ ಮತ್ತೊಮ್ಮೆ ಬಗ್ಗಿ ಒಳಗೆ ನೋಡಿದರು. ದೊಡ್ಡದೊಂದು ಮನೆಯ ಹೊಸ್ತಿಲಲ್ಲಿ ನಿಂತವರ ಹಾಗೆ.

ಹನ್ನೆರಡು ಇದ್ದದ್ದು ಇಪ್ಪತ್ತೊಂಬತ್ತಾಗಿತ್ತು. ಇನ್ನೂ ಬೇಕಾದಷ್ಟಿಲ್ಲ, ಆದರೆ ದಾರಿ ಸರಿಯಿದೆ ಎಂದರು ಡಾಕ್ಟರು. ಇನ್ನೊಂದಿಷ್ಟು ತಿಂಗಳು ಕಾಯಿರಿ, ಆಗದಿದ್ದರೆ ಬೇರೆ ಉಪಾಯಗಳಿವೆ ಎಂದರು. ಮುಂದಿನ ತಿಂಗಳು ಏನೂ ಆಗಲಿಲ್ಲ. ಅದರ ಮುಂದಿನ ತಿಂಗಳೂ ಆಗಲಿಲ್ಲ. ಮೂರನೇ ತಿಂಗಳು ಹೆಂಡತಿ ಮುಟ್ಟಿನ ದಿನ ದಾಟಿದ್ದನ್ನು ಯಾರಿಗೂ ಹೇಳಲಿಲ್ಲ. ನಾಲ್ಕನೇ ತಿಂಗಳ ಹೊಸ್ತಿಲಲ್ಲಿ, ಭಾನುವಾರ ಬೆಳಗ್ಗೆ, ಎರಡು ಗೆರೆ ಮೂಡಿದ ಪಟ್ಟಿಯನ್ನು ತಂದು ಅವನ ಪೇಪರಿನ ಮೇಲಿಟ್ಟಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಅದನ್ನು ನೋಡಿದ.

ಮಾತ್ರೆಯಿಂದಲಾ, ಸಿಗರೇಟು ಬಿಟ್ಟದ್ದರಿಂದಲಾ, ಭಟ್ಟಿ ಬಿಟ್ಟದ್ದರಿಂದಲಾ ಎಂದು ಕೆಂಡಣ್ಣ ಡಾಕ್ಟರನ್ನು ಕೇಳಿದ. ಅವರು ಕೈಚೆಲ್ಲಿ ನಕ್ಕರು. ಗೊತ್ತಿಲ್ಲ ಎಂದರು. ಏನೂ ಮಾಡದಿದ್ದರೂ ಆಗುತ್ತಿತ್ತೇನೋ, ಅದನ್ನೂ ಇಲ್ಲ ಅನ್ನಲಾರೆ, ಆದರೆ ಮಾಡಿದ್ದು ಯಾವುದೂ ದಂಡವಲ್ಲ ಎಂದರು.

ಮನೆಗೆ ಬಂದ ಮೇಲೆ ಅವನು ಗೋಡೆಯ ಕ್ಯಾಲೆಂಡರಿನ ಮುಂದೆ ಪೆನ್ಸಿಲು ಹಿಡಿದು ನಿಂತ. ಗರ್ಭ ನಿಂತಿರಬಹುದು ಎಂದು ಡಾಕ್ಟರು ಹೇಳಿದ ದಿನದಿಂದ ಹಿಂದಕ್ಕೆ ಎಣಿಸುತ್ತ ಹೋದ. ಎಪ್ಪತ್ತು ಚಿಲ್ಲರೆ ದಿನ, ದಾರಿಯ ಹೊತ್ತು ಇನ್ನೊಂದಿಷ್ಟು. ಪೆನ್ಸಿಲು ನಿಂತದ್ದು ಒಂದು ಮಂಗಳವಾರದ ಆಸುಪಾಸು. ಅವತ್ತು ಏನು ನಡೆದಿತ್ತು? ನೆನಪು ಮಾಡಿಕೊಂಡ. ಹಿಟ್ಟು ಕಲಸುವ ಯಂತ್ರ ಕೆಟ್ಟಿತ್ತು. ಎರಡು ಮೂಟೆ ಹಿಟ್ಟನ್ನು ಕೈಯಲ್ಲೇ ನಾದಿ ತೋಳು ಬಿದ್ದುಹೋಗಿತ್ತು. ಮಾಲೀಕರಿಗೂ ಬೈದು, ಯಂತ್ರಕ್ಕೂ ಬೈದು, ಮನೆಗೆ ಬಂದು ಉಪ್ಪಿಲ್ಲ ಎಂದು ಸಾರಿನ ಮೇಲೂ ಸಿಡಿದಿದ್ದ. ಬದುಕಿನಲ್ಲಿ ಮರೆಯಲು ಯೋಗ್ಯವಾದ ಒಂದು ದಿನ. ಅಂಥ ದಿನವೇ, ಅವನ ಗಮನಕ್ಕೇ ಬಾರದೆ, ಅವನೊಳಗಿನ ಯಾವುದೋ ಕತ್ತಲ ಮೂಲೆಯಲ್ಲಿ ಈ ಮಗುವಿನ ಅರ್ಧ ಹೊರಟು ನಿಂತಿತ್ತು. ಅವನು ಆ ಮಂಗಳವಾರದ ಸುತ್ತ ಪೆನ್ಸಿಲಿನಲ್ಲಿ ಒಂದು ಸೊನ್ನೆ ಎಳೆದ.

ಮಾರನೇ ದಿನ ಲ್ಯಾಬಿನ ಕಿಟಕಿಗೆ ಹೋದ. ಮೇಡಂ ಕೈ ಚಾಚಿ ಡಬ್ಬಿ ಕೊಡಿ ಎಂದಳು. ಡಬ್ಬಿ ಇಲ್ಲ ಮೇಡಂ, ಸುದ್ದಿ ಹೇಳೋಕೆ ಬಂದೆ ಎಂದ. ಹೇಳಿದ.

ಆಕೆ ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದಳು, ಒರೆಸುತ್ತಲೇ ಇದ್ದಳು.

“ಮೂವತ್ತೊಂದು ವರ್ಷ ಆಯ್ತು ಇಲ್ಲಿ ಕೂತು. ಒಳ್ಳೇ ಸುದ್ದಿ ಆದ್ರೆ ಜನ ಡಾಕ್ಟರ್ ರೂಮಿಗೆ ಹೋಗ್ತಾರೆ. ಈ ಕಿಟಕಿಗೆ ಬಂದು ಹೇಳಿದವರು ನೀವೇ ಮೊದಲು. ನಾನು ನೋಡಿದ್ದರಲ್ಲಿ ಯಾವುದು ಮನುಷ್ಯರಾಯ್ತು, ಯಾವುದು ಆಗಲಿಲ್ಲ, ನನಗೆ ಗೊತ್ತೇ ಆಗಲ್ಲ.”

ಮಗು ಹುಟ್ಟಿದ ಮೇಲೆ ಕರೆದುಕೊಂಡು ಬಂದು ತೋರಿಸುತ್ತೇನೆ ಎಂದ. ಅಷ್ಟರಲ್ಲಿ ನಾನು ರಿಟೈರ್ ಆಗಿರುತ್ತೇನೆ ಎಂದಳು. ಹಾಗಾದರೆ ಮನೆಯ ವಿಳಾಸ ಕೊಡಿ ಎಂದು ಕಿಟಕಿ ಬಿಟ್ಟು ಕದಲದೆ ನಿಂತ. ಆಕೆ ಜೇಬಿನ ಮೂರು ಪೆನ್ನಿನಲ್ಲಿ ಬರೆಯುವ ಒಂದನ್ನು ಹುಡುಕಿ ಚೀಟಿಯ ಹಿಂದೆ ಬರೆದುಕೊಟ್ಟಳು.

ಹೆಣ್ಣು ಮಗು ಹುಟ್ಟಿತು, ಮಧ್ಯಾಹ್ನ ಎರಡು ಗಂಟೆಗೆ, ಆಸ್ಪತ್ರೆಯವರೆಲ್ಲ ಊಟಕ್ಕೆ ಏಳುವ ಹೊತ್ತಿನಲ್ಲಿ. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ಅವನ ಕೈಗಿಟ್ಟಳು. ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಎತ್ತಿ ಎಷ್ಟು ತೂಕ ಎಂದು ಕರಾರುವಾಕ್ಕಾಗಿ ಹೇಳುವವನು ಅವನು. ನರ್ಸು ತಮಾಷೆಗೆ, ಎಷ್ಟಿರಬಹುದು ಹೇಳಿ ನೋಡೋಣ ಎಂದಳು. ಅವನು ಮಗುವನ್ನು ಎದೆಯ ಹತ್ತಿರ ಹಿಡಿದು ಬಹಳ ಹೊತ್ತು ಯೋಚಿಸಿದ. ಗೊತ್ತಾಗುತ್ತಿಲ್ಲ ಸಿಸ್ಟರ್ ಎಂದ. ಮಗು ಆಕಳಿಸಿತು. ಆ ಪುಟ್ಟ ಬಾಯಿ ಅಷ್ಟು ದೊಡ್ಡದಾಗಿ ತೆರೆದದ್ದನ್ನು ನೋಡಲು ಅಮ್ಮ ಅವನ ತೋಳಿನಡಿಯಿಂದ ತಲೆ ತೂರಿಸಿದಳು. ಮಂಚದ ಮೇಲಿನಿಂದ ಹೆಂಡತಿ, ನನಗೂ ಸ್ವಲ್ಪ ತೋರಿಸಿ ರೀ, ಹೆತ್ತವಳು ನಾನು ಎಂದಳು.